ಹೊಲದಂಚಿನ ಸಮಾಧಿ



ಕಳೆದ ಕಾರ್ತಿಕ ಮಾಸದಲ್ಲಿ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಕಡೆಯ ಸದ್ಭಕ್ತರೊಬ್ಬರ ಮನೆಗೆ ಹೋಗುವ ಪ್ರಸಂಗ ಒದಗಿತು. ಆ ಮನೆಯ ತಾಯಿಯವರು ಲಿಂಗೈಕ್ಯರಾಗಿ ಒಂದು ವರ್ಷ ತುಂಬಿತ್ತು. ಪುಣ್ಯಸ್ಮರಣೆಯ ಶಿವಗಣಾರಾಧನೆಗೆ ಇಬ್ಬರು ಗಂಡುಮಕ್ಕಳೂ ಕೊಟ್ಟ ಮನೆಯಿಂದ ಮಗಳೂ ಬಂದಿದ್ದರು. ಜಂಗಮಪೂಜೆ, ಪ್ರಸಾದ ಎಲ್ಲವೂ ಸಾಂಗವಾಗಿ ನೆರವೇರಿದವು. ಬಂದ ನೆಂಟರಿಷ್ಟರು ಒಬ್ಬೊಬ್ಬರಾಗಿ ಹೊರಟ ಮೇಲೆ ಪಡಸಾಲೆಯಲ್ಲಿ ಮನೆಯವರಷ್ಟೇ ಉಳಿದರು. ಆಗ ಹಿರಿಯ ಮಗ ಕೈಮುಗಿದು, "ಅಯ್ಯನವರೇ, ತಮ್ಮಲ್ಲಿ ಒಂದು ಮಾತು ಕೇಳುವುದಿದೆ. ಈ ದಿನವೇ ಕೇಳುವುದಕ್ಕೆ ಸಂಕೋಚವಾಗುತ್ತದೆ" ಎಂದರು.

ಸಂಗತಿ ಇಷ್ಟು. ಅಣ್ಣತಮ್ಮಂದಿರು ಪಾಲಾಗಬೇಕೆಂದು ನಿಶ್ಚಯಿಸಿದ್ದಾರೆ. ಹಿರಿಯರಿಗೆ ಸಾಲದ ಭಾರವಿದೆ. ತಮ್ಮ ಪಾಲಿಗೆ ಬರುವ ಎರಡು ಎಕರೆಯನ್ನು ಮಾರಬೇಕಾಗಿದೆ. ಆ ಹೊಲದ ಮೂಲೆಯಲ್ಲಿಯೇ ಅಜ್ಜನ, ತಂದೆಯ, ಈಗ ತಾಯಿಯ ಸಮಾಧಿಗಳಿವೆ. ಕೊಳ್ಳಲು ಬಂದವರು ಅಡಿಕೆ ತೋಟ ಮಾಡುವವರು. "ಸಮಾಧಿ ತೆಗೆಸಿಕೊಡುವುದಾದರೆ ಮಾತ್ರ ವ್ಯವಹಾರ" ಎಂದಿದ್ದಾರೆ. ಅವರೊಡನೆ ಬಂದಿದ್ದ ವಾಸ್ತು ಬಲ್ಲವರೊಬ್ಬರು, ಈಶಾನ್ಯ ಮೂಲೆಯಲ್ಲಿ ಸಮಾಧಿಗಳಿರುವುದರಿಂದಲೇ ಈ ಮನೆಗೆ ಸಾಲ ಬಂದದ್ದೆಂದೂ ಹೇಳಿ ಹೋಗಿದ್ದಾರೆ. ಆ ಮಾತು ಹಿರಿಯರ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತ್ತು. "ತೆಗೆದರೆ ಪಾಪವೋ, ಇಟ್ಟುಕೊಂಡರೆ ದೋಷವೋ ತಿಳಿಯದಾಗಿದೆ" ಎಂದರು.

ಕಿರಿಯ ಮಗ ಪಟ್ಟಣದಲ್ಲಿ ಉದ್ಯೋಗದಲ್ಲಿರುವವರು, ವಚನ ಸಾಹಿತ್ಯವನ್ನು ಓದಿಕೊಂಡವರು. ಅವರ ವಾದ ಬೇರೆ. "ಅಯ್ಯನವರೇ, ಲಿಂಗದಲ್ಲಿ ಐಕ್ಯವಾದರು ಎಂದ ಮೇಲೆ ಅಲ್ಲಿ ಉಳಿದದ್ದೇನು? ಸ್ಥಾವರವನ್ನು ನೆಚ್ಚಬೇಡಿರೆಂದೇ ಶರಣರು ಹೇಳಿದರಲ್ಲವೇ? ಮಣ್ಣು ಮಣ್ಣಾಯಿತು. ಅದರ ಮೇಲೆ ತೋಟ ಬಂದರೆ ತಪ್ಪೇನು?" ಎಂದು ಕೇಳಿದರು.

ಬಾಗಿಲ ಬಳಿ ಕುಳಿತಿದ್ದ ಮಗಳು ಅಲ್ಲಿಯವರೆಗೆ ಮಾತನಾಡಿರಲಿಲ್ಲ. "ನನಗೆ ಹೊಲದಲ್ಲಿ ಪಾಲು ಬೇಡ ಅಣ್ಣ, ಬಂಗಾರವೂ ಬೇಡ. ಅವ್ವನ ಆ ಮೂಲೆ ಅಷ್ಟು ಬಿಟ್ಟುಕೊಡಿ. ವರ್ಷಕ್ಕೊಮ್ಮೆ ಬಂದರೆ ಎಲ್ಲಿ ನಿಲ್ಲಲಿ ನಾನು?" ಎಂದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಈ ಮೂವರ ಪ್ರಶ್ನೆಯೂ ಇಂದು ನಮ್ಮ ಸಮಾಜದ ನೂರಾರು ಮನೆಗಳ ಪ್ರಶ್ನೆಯಾದ್ದರಿಂದ ಅದನ್ನು ಇಲ್ಲಿ ವಿವೇಚಿಸಲು ಬಯಸುತ್ತೇನೆ.

ಸಂಜೆಯ ಹೊತ್ತಿಗೆ ಎಲ್ಲರೂ ಹೊಲಕ್ಕೆ ಹೋದೆವು. ಸೂಳೆಕೆರೆಯ ನೀರುಂಡ ಸೀಮೆ ಅದು. ಶಾಂತಿಸಾಗರವೆಂದೂ ಹೆಸರಾದ ಆ ಮಹಾ ತಟಾಕದಿಂದ ಹೊರಡುವ ನಾಲೆಗಳಿಗೆ ನಮ್ಮ ಹಿರಿಯರು ಸಿದ್ಧನಾಲೆ, ಬಸವನಾಲೆ ಎಂದೇ ಹೆಸರಿಟ್ಟಿದ್ದಾರೆ. ಒಂದು ಕಾಲಕ್ಕೆ ಭತ್ತ, ಜೋಳ ಬೆಳೆಯುತ್ತಿದ್ದ ನೆಲವೆಲ್ಲ ಈಗ ಅಡಿಕೆ ತೋಟವಾಗುತ್ತಿದೆ. ಹೊಲದ ಮೂಲೆಯಲ್ಲಿ ಒಂದು ಪತ್ರೆಯ ಗಿಡ. ಅದರ ನೆರಳಿನಲ್ಲಿ ಮೂರು ದಿಬ್ಬಗಳು. ಅಜ್ಜನ ಸಮಾಧಿಯ ಮೇಲೆ ಮಳೆಗೆ ಸವೆದ ಪುಟ್ಟ ಕಲ್ಲಿನ ಲಿಂಗ, ಎದುರಿಗೆ ಬಸವ. ತಂದೆಯ ಸಮಾಧಿಗೆ ಇಟ್ಟಿಗೆಯ ಕಟ್ಟೆ. ತಾಯಿಯದು ಇನ್ನೂ ಬರಿಯ ಮಣ್ಣು. ಬೆಳಗ್ಗೆ ಬಿಟ್ಟ ಹಾಲು ತುಪ್ಪದ ಗುರುತು ಅದರ ಮೇಲೆ ಹಾಗೆಯೇ ಇತ್ತು. ಪಕ್ಕದ ಹೊಲದಲ್ಲಿ ಹಿಂದಿನ ವರ್ಷ ಜೆಸಿಬಿ ಯಂತ್ರದಿಂದ ಕಾಲುವೆ ತೋಡುವಾಗ ಯಾರದೋ ಹಳೆಯ ಸಮಾಧಿಯ ಗೂಡು ಒಡೆದು, ಮಣ್ಣಿನೊಡನೆ ವಿಭೂತಿಯ ಬಿಳಿಯ ಗಟ್ಟಿಗಳು ಮೇಲೆ ಬಂದುವಂತೆ. ಆ ಹಿರಿಯರ ಹೆಸರು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲವೆಂದು ಹಿರಿಯ ಮಗ ಹೇಳಿದರು. ಆ ದಿನದಿಂದ ಅವರಿಗೆ ನಿದ್ರೆಯಿಲ್ಲ.

ಮೊದಲು ದೋಷದ ಮಾತನ್ನು ತೆಗೆದುಕೊಳ್ಳೋಣ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಬಗೆಯ ಸೂತಕಗಳನ್ನು ಲೋಕ ಆಚರಿಸುತ್ತದೆ. ಇಷ್ಟಲಿಂಗಧಾರಿಗೆ ಈ ಪಂಚಸೂತಕಗಳಿಲ್ಲವೆಂಬುದು ನಮ್ಮ ಧರ್ಮದ ಮೊದಲ ಪಾಠಗಳಲ್ಲಿ ಒಂದು. ಮರಣಕ್ಕೇ ಸೂತಕವಿಲ್ಲವೆಂದ ಮೇಲೆ ಮರಣಿಸಿದವರನ್ನು ಇರಿಸಿದ ನೆಲಕ್ಕೆ ಸೂತಕ ಎಲ್ಲಿಂದ ಬರಬೇಕು? ಸಮಾಧಿಯ ಬಳಿ ಹೋಗಲು ಅಂಜುವುದು, ಮಕ್ಕಳನ್ನು ಅತ್ತ ಬಿಡದಿರುವುದು, ಮನೆಯ ಕಷ್ಟಗಳಿಗೆಲ್ಲ ಹೊಲದ ಸಮಾಧಿಯೇ ಕಾರಣವೆಂದು ನಂಬುವುದು ನಾವು ಬೇರೆ ಕಡೆಯಿಂದ ಕಲಿತು ಬಂದ ಭಯಗಳು.

ನಮ್ಮ ಅಂತ್ಯಕ್ರಿಯೆಯ ಪದ್ಧತಿಯನ್ನೇ ನೋಡಿರಿ. ಲಿಂಗೈಕ್ಯರಾದವರನ್ನು ನಾವು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಕುಳ್ಳಿರಿಸಿ, ಭಜನೆಯೊಡನೆ ಕರೆದೊಯ್ಯುತ್ತೇವೆ. ಕುಣಿಯೊಳಗೆ ಇಳಿಯಲು ಮೆಟ್ಟಿಲು. ಅದರ ಒಂದು ಪಾರ್ಶ್ವದಲ್ಲಿ ಗೂಡು. ಆ ಗೂಡಿನಲ್ಲಿ ಪೂಜೆಗೆ ಕುಳಿತವರಂತೆಯೇ ಕುಳ್ಳಿರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪತ್ರೆ, ವಿಭೂತಿ, ಉಪ್ಪುಗಳಿಂದ ಮುಚ್ಚುತ್ತೇವೆ. ಜೀವಿತಕಾಲದಲ್ಲಿ ದಿನವೂ ಮಾಡಿದ ಪೂಜೆಯ ಭಂಗಿಯೇ ಅಲ್ಲಿ ಸ್ಥಿರವಾಗುತ್ತದೆ. ಗದ್ದುಗೆ ಎಂಬ ಶಬ್ದಕ್ಕೆ ಆಸನವೆಂದೇ ಅರ್ಥ. ದೀಕ್ಷೆಯಿಂದ ಶುದ್ಧವಾದ ಕಾಯಕ್ಕೆ ಅಗ್ನಿಯ ಸಂಸ್ಕಾರ ಬೇಕಿಲ್ಲವೆಂದು ತಿಳಿದು, ನಮ್ಮ ಹಿರಿಯರು ಅದನ್ನು ಗೌರವದಿಂದ ಭೂಮಿತಾಯಿಗೆ ಒಪ್ಪಿಸುವ ಮಾರ್ಗವನ್ನು ಹಿಡಿದರು. ಹೀಗೆ ಪೂಜೆಗೆ ಕುಳಿತವರು ಹೊಲದ ಈಶಾನ್ಯದಲ್ಲಿದ್ದರೂ ನೈಋತ್ಯದಲ್ಲಿದ್ದರೂ ಮಕ್ಕಳಿಗೆ ಕೇಡು ಬಯಸುವವರಲ್ಲ. ಸಾಲ ಬಂದದ್ದಕ್ಕೆ ಬೇರೆ ಕಾರಣಗಳಿರುತ್ತವೆ. ಅವನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕೇ ಹೊರತು ತಾಯಿತಂದೆಯರ ಸಮಾಧಿಯಲ್ಲಿ ಹುಡುಕಬಾರದು. ಹಿರಿಯ ಮಗನಿಗೆ ಅಲ್ಲಿಯೇ ನಿಂತು ಈ ಮಾತನ್ನು ಹೇಳಿದೆ. ಅವರ ಮುಖ ಸ್ವಲ್ಪ ತಿಳಿಯಾಯಿತು.

ಇನ್ನು ಕಿರಿಯರ ಆಕ್ಷೇಪಣೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಷಟ್‌ಸ್ಥಲಗಳಲ್ಲಿ ಕೊನೆಯದಾದ ಐಕ್ಯಸ್ಥಲವನ್ನು ಮುಟ್ಟಿದವನಿಗೆ ತನ್ನದೆಂಬ ಗುರುತು ಉಳಿಯುವುದಿಲ್ಲ; ಅವನಿಗೆ ಸಮಾಧಿಯಿಂದ ಆಗಬೇಕಾದ ಪ್ರಯೋಜನವೇನೂ ಇಲ್ಲ. ನಾವು ಪಿಂಡ ಇಡುವವರಲ್ಲ, ಪ್ರೇತವೆಂದು ಕರೆಯುವವರಲ್ಲ. ಅಂದಮೇಲೆ ಸಮಾಧಿಯನ್ನು ಉಳಿಸಬೇಕೆಂಬುದು ಯಾರಿಗಾಗಿ? ಇರುವವರಿಗಾಗಿ ಎಂಬುದೇ ಇದಕ್ಕೆ ಉತ್ತರ. ಇದನ್ನು ಶಾಸ್ತ್ರದ ಮಾತಿನಿಂದ ಹೇಳುವುದಕ್ಕಿಂತ ನಾಡಿನಲ್ಲಿ ಕಣ್ಣಾರೆ ಕಾಣಬಹುದಾದ ಕೆಲವು ಸ್ಥಳಗಳಿಂದ ಹೇಳುವುದು ಉಚಿತ.

ಸ್ಥಾವರವನ್ನು ನೆಚ್ಚಬೇಡಿರೆಂದ ಶರಣರ ಐಕ್ಯಸ್ಥಳಗಳನ್ನೇ ಜನರು ಮರೆಯಲಿಲ್ಲ. ಕೃಷ್ಣೆ ಮಲಪ್ರಭೆಯರ ಸಂಗಮವಾದ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಹಿನ್ನೀರು ಅದನ್ನು ಮುಳುಗಿಸುವ ಪ್ರಸಂಗ ಬಂದಾಗ ನೀರೇ ದೊಡ್ಡದೆಂದು ಜನ ಕೈಬಿಡಲಿಲ್ಲ. ಸುತ್ತ ಬಾವಿಯಂತೆ ಭದ್ರವಾದ ಗೋಡೆ ಎದ್ದಿತು. ಇಂದು ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ಸುತ್ತಲೂ ನೀರಿರುವಾಗಲೇ ಆ ನೆಲಕ್ಕೆ ಹಣೆ ಹಚ್ಚಿ ಬರುತ್ತಾರೆ. ಕಲ್ಯಾಣದ ಕ್ರಾಂತಿಯ ತರುವಾಯ ಚದುರಿದ ಶರಣರಲ್ಲಿ ಚನ್ನಬಸವಣ್ಣನವರು ಉಳವಿಯ ಕಾಡಿನಲ್ಲಿ ಐಕ್ಯರಾದರು. ನಮ್ಮ ಚನ್ನಗಿರಿ ಸೀಮೆಗೆ ನೆರೆಯದಾದ ತರೀಕೆರೆ ಸೀಮೆಯ ಎಣ್ಣೆಹೊಳೆಯು ಅಕ್ಕನಾಗಮ್ಮನವರ ಐಕ್ಯಸ್ಥಳವೆಂದು ಪರಂಪರೆ ಹೇಳುತ್ತದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಗೆ ಶತಮಾನಗಳಿಂದ ದೀಪ ನಂದಿಲ್ಲ. 2019ರ ಜನವರಿ 21ರಂದು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಮರುದಿನ ನಡೆದ ಕ್ರಿಯಾವಿಧಿಯನ್ನು ಲಕ್ಷಾಂತರ ಜನ ಕಂಡರು. ನಾನು ಮೇಲೆ ವಿವರಿಸಿದ ಪದ್ಧತಿ ಏನೆಂಬುದು ನಮ್ಮ ಎಷ್ಟೋ ಮನೆಗಳ ಎಳೆಯರಿಗೆ ಮೊದಲು ತಿಳಿದದ್ದು ಆ ದಿನ ದೂರದರ್ಶನದ ತೆರೆಯ ಮೇಲೆ.

"ಅವರೆಲ್ಲ ಗುರುಗಳು, ಮಹಾತ್ಮರು, ನಮ್ಮ ಅವ್ವ ಸಾಮಾನ್ಯಳು" ಎಂದು ಕಿರಿಯರು ಹೇಳಿದರು. ಹಾಗಾದರೆ ಗೃಹಸ್ಥರ, ಅರಸುಮನೆಯವರ ಸಮಾಧಿಗಳ ಕಡೆಗೆ ಬರೋಣ.

ಮಡಿಕೇರಿಯಲ್ಲಿ ಹಾಲೇರಿ ಅರಸರ ಗದ್ದಿಗೆಗಳಿವೆ. ಕೊಡಗನ್ನಾಳಿದ ಆ ವಂಶದವರು ಲಿಂಗಧಾರಿಗಳು. ನಡುವಿನ ದೊಡ್ಡ ಕಟ್ಟಡದಲ್ಲಿ 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ ಮತ್ತು ಆತನ ರಾಣಿ ಮಹದೇವಮ್ಮಾಜಿ. ಒಂದು ಪಕ್ಕದಲ್ಲಿ ಲಿಂಗರಾಜೇಂದ್ರ, 1820ರಲ್ಲಿ ಮಗನಾದ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಇನ್ನೊಂದು ಪಕ್ಕದಲ್ಲಿ ರಾಜಗುರು ರುದ್ರಪ್ಪನವರದು. ಹೊರಗಿನಿಂದ ನೋಡಿದವರಿಗೆ ಗುಮ್ಮಟವೂ ಮೂಲೆಯ ಗೋಪುರಗಳೂ ಬಿಜಾಪುರದ ಗೋಳಗುಮ್ಮಟದ ಬಳಗದವೆಂದು ತೋರುತ್ತವೆ. ಹತ್ತಿರ ಹೋದರೆ ಮೂಲೆಗಳಲ್ಲಿ ಬಸವ, ಒಳಗೆ ಲಿಂಗ. ಕಟ್ಟುವ ಕೈ ಯಾವ ಶೈಲಿಯದಾದರೂ ಒಳಗೆ ಕುಳಿತವರ ಧರ್ಮ ಅದರಿಂದ ಬದಲಾಗಲಿಲ್ಲ. ಸಮೀಪದಲ್ಲಿಯೇ ಟಿಪ್ಪುವಿನ ಸೈನ್ಯದೊಡನೆ ಹೋರಾಡಿದ ಬಿದ್ದಂಡ ಬೋಪು ಮತ್ತು ಆತನ ಮಗ ಸೋಮಯ್ಯನ ಸಮಾಧಿಗಳೂ ಇವೆ. ಅರಸನ ಗದ್ದಿಗೆಯ ಪಕ್ಕದಲ್ಲಿ ಸೇವಕನಿಗೂ ಸ್ಥಳ ದೊರೆತದ್ದು ಗಮನಾರ್ಹ.

ಅದೇ ವಂಶದ ಕಥೆ ಮುಂದೆ ಕರುಣಾಜನಕವಾಗುತ್ತದೆ. 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅಲ್ಲಿ ಆಕೆಗೆ ಕ್ರೈಸ್ತ ದೀಕ್ಷೆಯಾಯಿತು; ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಇಪ್ಪತ್ತಮೂರರ ಆಸುಪಾಸಿನ ಎಳೆಯ ಪ್ರಾಯದಲ್ಲಿ, 1864ರಲ್ಲಿ, ಗೌರಮ್ಮ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. 1840ರಲ್ಲಿ ಆರಂಭವಾದ ಆ ರುದ್ರಭೂಮಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ಕಂಬಸಾಲುಗಳ ಅಡಿಯಲ್ಲಿ ಶವಪೆಟ್ಟಿಗೆಗಳನ್ನಿರಿಸುವ ನೆಲಮಾಳಿಗೆಗಳೂ ಇವೆ. ಅಷ್ಟು ಜನರ ನಡುವೆ, ಹುಟ್ಟಿದ ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ನಮ್ಮ ಕನ್ನಡ ನೆಲದ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಂಡು ಹೋದವರಿಗೆ ಆಕೆ ಇಂದಿಗೂ ಸಿಗುತ್ತಾಳೆ. ಯಾರನ್ನು, ಯಾವ ದಿನ, ಎಲ್ಲಿ ಇರಿಸಿದರೆಂದು ಅಲ್ಲಿನವರು ಪುಸ್ತಕದಲ್ಲಿ ಬರೆದಿಟ್ಟರು, ಕಲ್ಲಿನ ಮೇಲೆ ಹೆಸರು ಕೊರೆದರು. ಅವರ ಆಚಾರ ನಮ್ಮದಲ್ಲ. ಆದರೆ ಬರೆದಿಡುವ ಆ ಶ್ರದ್ಧೆಯನ್ನು ಕಲಿಯಲು ಅಡ್ಡಿಯೇನು?

ದೂರದ ಮಾತು ಬೇಡವೆಂದರೆ ಕೆರೆಬಿಳಚಿ ಇರುವ ತಾಲ್ಲೂಕಿನಲ್ಲಿಯೇ ಹೊದಿಗೆರೆ ಇದೆ. 1664ರ ಜನವರಿಯಲ್ಲಿ, ಶಿವಾಜಿ ಮಹಾರಾಜರ ತಂದೆ ಷಹಾಜಿ ಭೋಂಸಲೆ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಅಲ್ಲಿ ಪ್ರಾಣ ಬಿಟ್ಟರು. ಬಿಜಾಪುರದ ಸುಲ್ತಾನರ ಸರದಾರರಾಗಿ ಬೆಂಗಳೂರನ್ನೇ ಜಹಗೀರಾಗಿ ಪಡೆದಿದ್ದವರು ಅವರು. ಆದರೂ ಅವರ ಸಮಾಧಿ ಗುಮ್ಮಟವಿಲ್ಲದ ಸರಳವಾದ ಕಟ್ಟೆ. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಆ ಸ್ಥಳಕ್ಕೆ ಮಹಾರಾಷ್ಟ್ರದಿಂದ ಇಂದಿಗೂ ಜನ ಬರುತ್ತಾರೆ. ಮೂರೂವರೆ ಶತಮಾನ ಕಳೆದರೂ ಅದು ಉಳಿದದ್ದು ಕಲ್ಲಿನ ಬಲದಿಂದಲ್ಲ, "ಇದು ಇಂಥವರದು" ಎಂದು ಒಂದು ತಲೆಮಾರು ಮತ್ತೊಂದಕ್ಕೆ ಹೇಳುತ್ತ ಬಂದದ್ದರಿಂದ. ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. 1829ರಲ್ಲಿ ಸೆರೆಯಲ್ಲಿಯೇ ದೇಹ ಬಿಟ್ಟವಳಿಗೆ ಅಂದಿನ ಸರ್ಕಾರ ಸ್ಮಾರಕ ಕಟ್ಟಿಸಲಿಲ್ಲ. ಜನರ ನೆನಪು ಆ ಜಾಗವನ್ನು ಕಾಯ್ದುಕೊಂಡಿತು. ಆಕೆಯ ಬಂಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಗುರುತು ಒಂದು ಆಲದ ಮರ. ಅದಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುವ ತಾಯಂದಿರು ಇಂದಿಗೂ ಇದ್ದಾರೆ.

ಇವೆಲ್ಲಕ್ಕೂ ಹಿಂದೆ ಹೋದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಸಿಗುತ್ತದೆ. ಅಶೋಕನ ಶಾಸನವಿರುವ ಆ ಬೆಟ್ಟದ ಬುಡದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ಉತ್ಖನನ ನಡೆಸಿದರು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಬಂಡೆಯ ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಂಡಿ ಕೊರೆದು, ಮೇಲೆ ಇನ್ನೊಂದು ಚಪ್ಪಡಿ ಮುಚ್ಚಿ, ತಮ್ಮವರ ಅಸ್ಥಿಗಳಿಗೆ ನೆಲದಡಿಯಲ್ಲಿ ಕಲ್ಲಿನ ಕೋಣೆಗಳನ್ನು ಕಟ್ಟಿದ್ದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಅಂಥ ಕಲ್ಮನೆಗಳು ನೂರಾರಿವೆ. ಕಬ್ಬಿಣವನ್ನು ಆಗತಾನೇ ಬಳಸಲು ಕಲಿತ ಆ ಜನರು ತಾವಿರುವ ಮನೆಗಳನ್ನು ಮಣ್ಣು ಹುಲ್ಲಿನಿಂದ ಕಟ್ಟಿಕೊಂಡು, ಅಗಲಿದವರ ಮನೆಗಳನ್ನು ಕಲ್ಲಿನಿಂದ ಕಟ್ಟಿದರು. ಅವರ ದೇವರು ಯಾವುದೋ, ಮಾತು ಯಾವುದೋ! ಅವರು ಬದುಕಿದ್ದರೆಂದು ನಮಗೆ ತಿಳಿದದ್ದು ಬಹುಮಟ್ಟಿಗೆ ಅವರ ಸಮಾಧಿಗಳಿಂದಲೇ.

ಇಷ್ಟನ್ನು ಹೇಳಿ ನಾನು ಸುಮ್ಮನಾಗಬಹುದಾಗಿತ್ತು. ಆದರೆ ಆ ಹೆಣ್ಣುಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. "ಎಲ್ಲಿ ನಿಲ್ಲಲಿ ನಾನು?" ಎಂದು ಆಕೆ ಕೇಳಿದ್ದು ಅಣ್ಣಂದಿರನ್ನು, ಉತ್ತರಿಸಬೇಕಾದವನು ನಾನು ಎಂದೆನಿಸಿತು. ಈ ಅಂಕಣದಲ್ಲಿ ನನ್ನ ಸ್ವಂತ ವಿಷಯವನ್ನು ಬರೆಯುವ ರೂಢಿಯಿಲ್ಲ. ಇಂದು ಒಂದು ಮಾತಿಗೆ ಓದುಗರ ಕ್ಷಮೆ ಬೇಡುತ್ತೇನೆ.

ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಮಠಕ್ಕೆ ಓದಲು ಬಿಟ್ಟರು. ಹದಿನಾಲ್ಕನೆಯ ವಯಸ್ಸಿನಲ್ಲಿ ದೂರದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುತ್ತಿದ್ದಾಗ ತಾಯಿಯವರು ಲಿಂಗೈಕ್ಯರಾದರು. ಕಾಗದ ಬಂದು ಸೇರುವ ಹೊತ್ತಿಗೆ ಎಲ್ಲ ಕ್ರಿಯೆಗಳೂ ಮುಗಿದಿದ್ದವು. ಗುರುಗಳು ನನ್ನನ್ನು ಹತ್ತಿರ ಕೂರಿಸಿಕೊಂಡು ಐಕ್ಯಸ್ಥಲದ ಅರ್ಥವನ್ನು ಬಿಡಿಸಿ ಹೇಳಿದರು. ನಾನೂ ಜಾಣ ವಿದ್ಯಾರ್ಥಿಯಾಗಿ ಅದನ್ನು ಗ್ರಹಿಸಿದೆ. ಅತ್ತರೆ ಓದಿದ್ದು ವ್ಯರ್ಥವೆಂದು ಭಾವಿಸಿ ಅಳಲಿಲ್ಲ. ಊರಿಗೆ ಹೋಗುವುದು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ತಂದೆಯವರೂ ಹೋದರು, ಹೊಲ ಕೈಬದಲಾಯಿತು. ನಲವತ್ತು ದಾಟಿದ ಮೇಲೆ ಒಮ್ಮೆ ಹೋಗಿ ನಿಂತಾಗ ಅಲ್ಲಿ ಕಬ್ಬು ಬೆಳೆದಿತ್ತು. ಹಿಂದೆ ನಮ್ಮ ಮನೆಯಲ್ಲಿ ಜೀತಕ್ಕಿದ್ದ ಮುದುಕರೊಬ್ಬರು ಕೋಲೂರಿಕೊಂಡು ಬಂದರು. "ಬೇವಿನ ಮರದಿಂದ ಹತ್ತು ಹೆಜ್ಜೆ ಮೂಡಲಿಗೆ ಇತ್ತು, ನಾನೇ ಕುಣಿ ತೋಡಿದ್ದು" ಎಂದರು. ಆ ಬೇವಿನ ಮರವನ್ನು ಕಡಿದು ಹತ್ತು ವರ್ಷಗಳಾಗಿದ್ದವು. ಅವರು ಅಲ್ಲಿ ಇಲ್ಲಿ ನಾಲ್ಕು ಕಡೆ ಓಡಾಡಿ, ಕೊನೆಗೆ ಕೈಚೆಲ್ಲಿ, "ಇಲ್ಲೆಲ್ಲೋ ಇದ್ದಾರೆ ಅವ್ವಾರು" ಎಂದರು. ಯಾವ ದಿಕ್ಕಿಗೆ ಕೈಮುಗಿಯಬೇಕೆಂದು ತಿಳಿಯದೆ ನಾನು ಆ ಕಬ್ಬಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಐಕ್ಯಸ್ಥಲದ ಮೇಲೆ ಅಂದಿಗಾಗಲೇ ನೂರಾರು ಉಪನ್ಯಾಸಗಳನ್ನು ಮಾಡಿದ್ದೆ.

ತಾಯಿಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲವೆಂದು ಇಂದಿಗೂ ನಂಬುತ್ತೇನೆ. ಕೊರತೆಯಾದದ್ದು ನನಗೆ. ಕಿರಿಯ ಮಗನಿಗೆ ಅಂದು ಹೇಳಿದ್ದೂ ಇದನ್ನೇ. ಸಿದ್ಧಾಂತ ನಿಜ, ಆದರೆ ಮಗನಿಗೆ ತಲೆಬಾಗಲು ಒಂದು ಹಿಡಿ ನೆಲ ಬೇಕಾಗುತ್ತದೆ, ಆ ದಿನ ಬಂದಾಗ ಅದು ಸಿಗದೆ ಹೋದರೆ ಸಿದ್ಧಾಂತ ಅದನ್ನು ತುಂಬಿಕೊಡುವುದಿಲ್ಲ. ಅವರು ಮತ್ತೆ ವಾದಿಸಲಿಲ್ಲ. ಬಗ್ಗಿ, ತಾಯಿಯ ಸಮಾಧಿಯ ಮೇಲೆ ಬಿದ್ದಿದ್ದ ಒಣ ಪತ್ರೆಗಳನ್ನು ಆಯ್ದು ಬದಿಗೆ ಹಾಕತೊಡಗಿದರು.

ಇನ್ನು ಏನು ಮಾಡಬೇಕೆಂಬ ವ್ಯವಹಾರದ ಮಾತು. ಹೊಲದಲ್ಲಿ ಸಮಾಧಿಗಳಿರುವ ಮನೆಯವರು ಪಾಲು ಮಾಡಿಕೊಳ್ಳುವಾಗ ಆ ಒಂದೆರಡು ಗುಂಟೆಯನ್ನು ಅಳತೆ ಮಾಡಿಸಿ, ಚಕ್ಕುಬಂದಿ ಸಹಿತವಾಗಿ ಪಾಲುಪತ್ರದಲ್ಲಿ ಬೇರೆಯಾಗಿ ಬರೆಯಿಸಿರಿ. ಅದು ಯಾರ ಪಾಲಿಗೂ ಸೇರದೆ ಎಲ್ಲರಿಗೂ ಸೇರಿದ ಜಾಗವೆಂದೂ, ಅಲ್ಲಿಗೆ ಹೋಗಿಬರಲು ಇಂಥ ಬದುವಿನ ಮೇಲೆ ದಾರಿಯೆಂದೂ ಸ್ಪಷ್ಟವಾಗಿರಲಿ, ಪತ್ರ ನೋಂದಣಿಯಾಗಲಿ. ಮಾರುವವರು ಅಷ್ಟನ್ನು ಬಿಟ್ಟು ಉಳಿದದ್ದನ್ನು ಮಾರಲಿ. ಬಾಯಿಮಾತಿನ ಒಪ್ಪಂದವು ಮಾತನಾಡಿದವರ ತಲೆಮಾರಿಗೇ ಮುಗಿಯುತ್ತದೆ. ಹೆಣ್ಣುಮಕ್ಕಳನ್ನು ಆ ಪತ್ರದಿಂದ ಹೊರಗಿಡಬೇಡಿರಿ. ಪಿತ್ರಾರ್ಜಿತದಲ್ಲಿ ಅವರಿಗೆ ಸಮಪಾಲಿನ ಹಕ್ಕನ್ನು 2005ರ ತಿದ್ದುಪಡಿಯೇ ಕೊಟ್ಟಿದೆ. ತಾಯಿತಂದೆಯರ ಸ್ಮರಣೆಯಲ್ಲಿ ಅವರ ಹಕ್ಕಿಗೆ ಯಾವ ಕಾಯಿದೆಯೂ ಬೇಕಾಗಿಲ್ಲ.

ಜಮೀನಿಲ್ಲದ ಮನೆಯವರು ಊರ ರುದ್ರಭೂಮಿಯಲ್ಲಿ ಕ್ರಿಯೆ ನೆರವೇರಿಸುತ್ತಾರೆ. ಅಲ್ಲಿ ದೊಡ್ಡ ಕಟ್ಟಡ ಬೇಕಿಲ್ಲ. ಅಂಗೈ ಅಗಲದ ಕಲ್ಲಿನ ಮೇಲೆ ಹೆಸರು, ಊರು, ಲಿಂಗೈಕ್ಯರಾದ ದಿನ ಇಷ್ಟಿದ್ದರೆ ಸಾಕು. ಈಚೆಗೆ ಕೆಲವು ಸ್ಥಿತಿವಂತರು ಒಬ್ಬರ ಮೇಲೊಬ್ಬರು ಪಂತ ಕಟ್ಟಿದಂತೆ ಅಮೃತಶಿಲೆಯ ಮಂಟಪಗಳನ್ನು ನಿಲ್ಲಿಸಿ, ಬಡವರ ಕ್ರಿಯೆಗೆ ಜಾಗವಿಲ್ಲದಂತೆ ಮಾಡುತ್ತಿರುವುದನ್ನೂ ನೋಡುತ್ತಿದ್ದೇನೆ. ಸ್ಥಾವರದ ಬಗ್ಗೆ ಶರಣರು ಕೊಟ್ಟ ಎಚ್ಚರಿಕೆ ಇಂಥವರಿಗೆ ಸಲ್ಲುತ್ತದೆ. ಪ್ರತಿಯೊಂದು ಊರಿನ ಮಠದಲ್ಲಿಯೋ ಬಸವಣ್ಣನ ಗುಡಿಯಲ್ಲಿಯೋ ಒಂದು ಪುಸ್ತಕವಿರಲಿ. ಯಾರು, ಯಾವ ದಿನ, ಯಾವ ಜಾಗದಲ್ಲಿ ಎಂದು ಅದರಲ್ಲಿ ಬರೆಯುವ ಹೊಣೆಯನ್ನು ಅಕ್ಷರಬಲ್ಲ ತರುಣರೊಬ್ಬರು ವಹಿಸಿಕೊಳ್ಳಲಿ.

ಹಳೆಯ ಸಮಾಧಿಗಳ ಮಾತು ಇನ್ನೂ ತುರ್ತಿನದು. ಅವು ಯಾರವೆಂದು ಬಲ್ಲ ಅಜ್ಜ ಅಜ್ಜಿಯರು ಇಂದು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಬರುವ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅವರೊಡನೆ ಒಂದು ಮುಂಜಾನೆ ರುದ್ರಭೂಮಿಗೂ ಹೊಲದಂಚಿಗೂ ನಡೆದು ಬನ್ನಿರಿ. ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿರಿ, ಒಂದು ನಕ್ಷೆ ಗೀಚಿಕೊಳ್ಳಿರಿ. ಗುರುತನ್ನು ಬಾವಿಯಿಂದಲೋ ನೆಟ್ಟ ಬಂಡೆಯಿಂದಲೋ ಅಳೆಯಿರಿ, ಮರದಿಂದ ಅಳೆಯಬೇಡಿರಿ. ಅದರ ಫಲವನ್ನು ನಾನು ಉಂಡಿದ್ದೇನೆ. ಇನ್ನು, ರಸ್ತೆಗೋ ನೀರಿಗೋ ಜಾಗ ಹೋಗಲೇಬೇಕಾದ ಅನಿವಾರ್ಯವಿದ್ದರೆ ಅಥವಾ ನನ್ನಂತೆ ಜಾಗವೇ ಕಳೆದುಹೋಗಿದ್ದರೆ, ಅಲ್ಲಿನ ಒಂದು ಹಿಡಿ ಮಣ್ಣನ್ನು ತಂದು ಸ್ಮರಣೆಗಾಗಿ ಬೇರೆ ಕಡೆ ಇರಿಸಬಹುದು. ಗುರುಗಳ ವಿಷಯದಲ್ಲಿ ತೋರುಗದ್ದುಗೆಯ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಕಬ್ಬಿನ ಹೊಲದಿಂದ ಅಂದು ತಂದ ಮಣ್ಣು ನಮ್ಮ ಮನೆಯ ಹಿತ್ತಲಲ್ಲಿ, ಪತ್ರೆಯ ಗಿಡದ ಬುಡದಲ್ಲಿದೆ.

ಕೆರೆಬಿಳಚಿಯ ಕಡೆಯ ಆ ಮನೆಯ ಹಿರಿಯರಿಂದ ಯುಗಾದಿಯ ಮುಂಚೆ ಒಂದು ಕಾಗದ ಬಂದಿತು. ಮೊದಲು ಬಂದವರು ವ್ಯವಹಾರ ಬಿಟ್ಟು ಹೋದರಂತೆ. ಅನಂತರ ನೆರೆಯ ಊರಿನ ಒಬ್ಬ ರೈತರು, ಮುಸಲ್ಮಾನರು, ಮೂಲೆಯ ಎರಡು ಗುಂಟೆಯನ್ನು ಬಿಟ್ಟು ಉಳಿದದ್ದನ್ನು ಕೊಂಡರಂತೆ. ಬೆಲೆಯಲ್ಲಿ ಸ್ವಲ್ಪ ಕಡಿಮೆಯಾಯಿತು, ಸಾಲ ತೀರಿತು. "ನಮ್ಮ ಹಿರಿಯರೂ ಮಣ್ಣಿನಲ್ಲೇ ಇದ್ದಾರೆ, ಇವರನ್ನು ಎಬ್ಬಿಸುವುದು ಬೇಡ" ಎಂದು ಆ ರೈತರು ಹೇಳಿದರೆಂದು ಬರೆದಿದ್ದಾರೆ. ಆ ಎರಡು ಗುಂಟೆ ಈಗ ಅಣ್ಣ, ತಮ್ಮ, ತಂಗಿ ಮೂವರ ಹೆಸರಿನಲ್ಲಿದೆ. ತಾಯಿಯ ಸಮಾಧಿಗೆ ಕಲ್ಲು ಕಡೆಯಲು ಕೊಟ್ಟಿದ್ದಾರೆ. ಅದರ ಮೇಲೆ ಏನು ಬರೆಯಿಸಬೇಕೆಂದು ನನ್ನನ್ನು ಕೇಳಿದ್ದಾರೆ.

ಹೆಸರನ್ನೂ ದಿನವನ್ನೂ ಬರೆಯಿಸಿರಿ, ಬೇರೇನೂ ಬೇಡವೆಂದು ಉತ್ತರಿಸಿದ್ದೇನೆ. ಮುಂದಿನ ಕಾರ್ತಿಕಕ್ಕೆ ಹೋಗಿ ನೋಡಿ ಬರಬೇಕೆಂದಿದೆ.